ಮಿಲಿಟರಿ ವಾಹನಗಳ ಪ್ಲಾಸ್ಟಿಕ್ ಮಾಡೆಲ್ ಕಿಟ್: ಯಾವುದನ್ನು ಆರಿಸಬೇಕು, ಯಾವುದಾದ ಮೇಲೆ ಯಾವುದನ್ನು ಜೋಡಿಸಬೇಕು

ಮಾಡೆಲ್ ಕಟ್ಟಲು ಹೊರಟವರು ಅರ್ಧಕ್ಕೆ ಕೈಬಿಡುವುದು ಕೈಚಳಕ ಇಲ್ಲ ಅಂತ ಅಲ್ಲ. ಬಹಳ ಸಲ ಕೆಲಸದ ಕ್ರಮ ತಪ್ಪಿರುತ್ತದೆ, ಅಷ್ಟೇ. ಚಕ್ರಗಳನ್ನೆಲ್ಲ ಅಂಟಿಸಿ ಆಮೇಲೆ ಬಣ್ಣಕ್ಕೆ ಕೂರುತ್ತಾರೆ, ಬ್ರಷ್ ಒಳಗೆ ಹೋಗುವುದಿಲ್ಲ. ಮೇಲಿನ ಒಡಲು ಮುಚ್ಚಿದ ಮೇಲೆ ಟ್ರ್ಯಾಕ್ (ಚಕ್ರಗಳ ಸುತ್ತ ಓಡುವ ಕೊಂಡಿಪಟ್ಟಿ) ಸುತ್ತಲು ನೋಡುತ್ತಾರೆ, ಫೆಂಡರ್ (ಮಡ್‌ಗಾರ್ಡ್) ಅಡ್ಡ ಬರುತ್ತದೆ. ಡೀಕಾಲ್ (ನೀರಲ್ಲಿ ಅದ್ದಿ ಅಂಟಿಸುವ ಗುರುತು, ಅಂಕಿಗಳ ತೆಳು ಚಿತ್ರ) ಅಂಟಿಸುತ್ತಾರೆ, ಅದರ ಸುತ್ತ ಬೆಳ್ಳಗಿನ ಪೊರೆ ಕಾಣುತ್ತದೆ. ಕೇಳುವವರು ಬೇರೆ ಬೇರೆ, ತೊಂದರೆ ಮಾತ್ರ ಇಂಥವೇ ನಾಲ್ಕೈದು.

ಕಿಟ್ ಜೊತೆ ಬರುವ ಸೂಚನಾ ಪುಸ್ತಕ ಯಾವ ಭಾಗ ಎಲ್ಲಿ ಕೂರುತ್ತದೆ ಅನ್ನುವುದನ್ನು ಚೆನ್ನಾಗಿ ತೋರಿಸುತ್ತದೆ. ಯಾವಾಗ ಕೂರಿಸಬೇಕು ಅನ್ನುವುದನ್ನು ಮಾತ್ರ ನಾವೇ ಯೋಚಿಸಬೇಕು. ಕೆಳಗಿನ ಹಂತಗಳಲ್ಲಿ ಜಾಸ್ತಿ ಬರುವುದು ಆ 'ಯಾವಾಗ'ದ ವಿಷಯವೇ.

ಹಂತ 1: ಕಿಟ್ ಆಯ್ಕೆ – ಡಬ್ಬದ ಚಿತ್ರ ಬಿಡಿ, ಚಕ್ರ ಎಣಿಸಿ

ಮೊದಲು ಸ್ಕೇಲ್. 1:35 ಅಂದರೆ ನಿಜವಾದ ವಾಹನದ ಮೂವತ್ತೈದನೇ ಒಂದು ಭಾಗ. ಸೋವಿಯತ್ ಒಕ್ಕೂಟದ ಟಿ-34/85 ಟ್ಯಾಂಕ್ ತೋಪಿನ ತುದಿಯವರೆಗೆ ಸುಮಾರು 8.15 ಮೀಟರ್ ಉದ್ದ. 1:35ರಲ್ಲಿ ಅದು 23 ಸೆಂ.ಮೀ., 1:48ರಲ್ಲಿ 17, 1:72ರಲ್ಲಿ 11 ಸೆಂ.ಮೀ. ಆಗುತ್ತದೆ. ಚಿಕ್ಕದು ಸುಲಭ ಅಂತ ಎಷ್ಟೋ ಜನ 1:72 ತರುತ್ತಾರೆ. ಭಾಗಗಳ ಸಂಖ್ಯೆ ಕಮ್ಮಿ, ನಿಜ. ಆದರೆ ಹಿಡಿಕೆ, ಕೊಕ್ಕೆಗಳೆಲ್ಲ ಅಕ್ಕಿಕಾಳಿಗಿಂತ ಸಣ್ಣವು. ಕೈ ಪಳಗುವ ತನಕ 1:35 ಅಥವಾ 1:48 ವಾಸಿ.

ಆಮೇಲೆ ವಾಹನ. ಎಲ್ಲರ ಕಣ್ಣು ಹೋಗುವುದು ಜರ್ಮನ್ ಟೈಗರ್ ಟ್ಯಾಂಕ್ ಮೇಲೆ. ಮೊದಲ ಕಿಟ್‌ಗೆ ಅದು ಬೇಡ. ಅದರ ಚಕ್ರಗಳು ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. ಒಳಸಾಲಿನ ಚಕ್ರ ಸ್ವಲ್ಪ ವಾಲಿದರೂ ಹೊರಸಾಲು ಕೂರುವುದಿಲ್ಲ, ಮತ್ತು ಪ್ರತಿ ಸಾಲಿಗೂ ಮುಂಚೆಯೇ ಬಣ್ಣ ಆಗಿರಬೇಕು. ಜರ್ಮನ್ ಹಾಫ್‌ಟ್ರ್ಯಾಕ್‌ಗಳಲ್ಲೂ (ಮುಂದೆ ಚಕ್ರ, ಹಿಂದೆ ಟ್ರ್ಯಾಕ್ ಇರುವ ವಾಹನ) ಇದೇ ಕಥೆ, ಜೊತೆಗೆ ತೆರೆದ ಒಳಭಾಗಕ್ಕೂ ಬಣ್ಣ ಹಚ್ಚಬೇಕು. ಅಮೆರಿಕದ ಷರ್ಮನ್ ಟ್ಯಾಂಕ್‌ಗೆ ಒಂದು ಪಕ್ಕಕ್ಕೆ ಮೂರು ಬೋಗಿ (ಚಕ್ರಜೋಡಿ ಹೊತ್ತ ಚೌಕಟ್ಟು), ಪ್ರತಿ ಬೋಗಿಗೂ ಹಲವು ತುಂಡು. ಜೀಪ್ ಸರಳ ಅನಿಸುತ್ತದೆ, ಆದರೆ ಅದರ ಚಾಸಿಸ್, ಸ್ಟೀರಿಂಗ್, ಕಿಟಕಿ ಚೌಕಟ್ಟು ಎಲ್ಲವೂ ಕಡ್ಡಿಯ ಹಾಗೆ ತೆಳು.

ನನ್ನನ್ನು ಕೇಳಿದರೆ ಮೊದಲ ಕಿಟ್ ಟಿ-34. ಪಕ್ಕಕ್ಕೆ ಐದೇ ದೊಡ್ಡ ಚಕ್ರ. ಮೇಲ್ಗಡೆ ಟ್ರ್ಯಾಕ್ ಹೊರುವ ಸಣ್ಣ ರೋಲರ್‌ಗಳಿಲ್ಲ. ಒಡಲು ಅಂದರೆ ನಾಲ್ಕಾರು ಚಪ್ಪಟೆ ಹಾಳೆ. ಬಹುತೇಕ ಒಂದೇ ಹಸಿರು ಬಣ್ಣದಲ್ಲಿ ಮುಗಿಯುತ್ತದೆ.

ಡಬ್ಬದ ಮೇಲೆ ಅಥವಾ ವಿವರದಲ್ಲಿ ಭಾಗಗಳ ಸಂಖ್ಯೆ ನೋಡಿ. ಇನ್ನೂರರ ಆಸುಪಾಸು ಇದ್ದರೆ ಸರಿ. ಎಂಜಿನ್, ಒಳಾಂಗಣ ಎಲ್ಲ ಸೇರಿದ ಕಿಟ್‌ಗಳಲ್ಲಿ ಸಾವಿರ ದಾಟುವುದೂ ಉಂಟು. ಟ್ರ್ಯಾಕ್ ಯಾವ ಬಗೆ ಅಂತಲೂ ಓದಿ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಇಲ್ಲಿ ಆಗುವ ದೊಡ್ಡ ತಪ್ಪು, ಹೊಸ ಡಬ್ಬ ನೋಡಿ ಹೊಸ ಕಿಟ್ ಅಂದುಕೊಳ್ಳುವುದು. ಹತ್ತಾರು ವರ್ಷ ಹಳೆಯ ಅಚ್ಚಿನಲ್ಲೇ ಎರಕ ಹೊಯ್ದು, ಹೊಸ ಚಿತ್ರದ ಡಬ್ಬದಲ್ಲಿ ಇಟ್ಟು ಮಾರುವುದು ಈ ಉದ್ಯಮದಲ್ಲಿ ಮಾಮೂಲು. ಹಳೆಯ ಅಚ್ಚು ಸವೆದಿದ್ದರೆ ಭಾಗಗಳ ಅಂಚಿನಲ್ಲಿ ತೆಳು ಪದರ ಚಾಚಿಕೊಂಡಿರುತ್ತದೆ, ಭಾಗಗಳು ಒಂದಕ್ಕೊಂದು ಹೊಂದುವುದಿಲ್ಲ. ಸ್ಕೇಲ್‌ಮೇಟ್ಸ್ ಎಂಬ ತಾಣದಲ್ಲಿ ಒಂದು ಕಿಟ್‌ನ ಅಚ್ಚು ಯಾವ ವರ್ಷದ್ದು, ಯಾರ್ಯಾರ ಡಬ್ಬದಲ್ಲಿ ಬಂದಿದೆ ಅಂತ ಸಿಗುತ್ತದೆ. ಕೊಳ್ಳುವ ಮೊದಲು ಐದು ನಿಮಿಷ ಅಲ್ಲಿ ನೋಡಿ.

ಹಂತ 2: ಉಪಕರಣ – ಇಷ್ಟಿದ್ದರೆ ಸಾಕು

ಪ್ಲಾಸ್ಟಿಕ್‌ಗೆಂದೇ ಮಾಡಿದ, ಒಂದು ಪಕ್ಕ ಚಪ್ಪಟೆ ಇರುವ ನಿಪ್ಪರ್. ತಂತಿ ಕತ್ತರಿಸುವ ಕಟ್ಟರ್ ಬೇಡ, ಅದು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಚೂಪು ತುದಿಯ ಹಾಬಿ ಚಾಕು, ಬದಲಿ ಬ್ಲೇಡ್‌ಗಳು. ಮೊನಚಾದ ಚಿಮಟ. 400, 600, 1000 ನಂಬರಿನ ಉಪ್ಪುಕಾಗದ. ಕಟಿಂಗ್ ಮ್ಯಾಟ್. ಒಂದು ತುಂಡು ಗಾಜು ಅಥವಾ ಕನ್ನಡಿ. ಈ ಗಾಜಿನ ತುಂಡನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ, ಆದರೆ ನನ್ನ ಮೇಜಿನ ಮೇಲೆ ಇದಿಲ್ಲದೆ ಯಾವ ಟ್ಯಾಂಕೂ ನೆಟ್ಟಗೆ ನಿಂತಿಲ್ಲ.

ಅಂಟು ಮೂರು ಬಗೆಯದು ಬೇಕು. ಒಂದು, ಮುಚ್ಚಳದಲ್ಲೇ ಸಣ್ಣ ಬ್ರಷ್ ಇರುವ ನೀರಿನಂಥ ಪ್ಲಾಸ್ಟಿಕ್ ಸಿಮೆಂಟ್. ಇನ್ನೊಂದು, ಲೋಹ ಮತ್ತು ರೆಸಿನ್ ಭಾಗಗಳಿಗೆ ಸೂಪರ್ ಗ್ಲೂ. ಮೂರನೆಯದು, ಗಾಜಿನಂಥ ಪಾರದರ್ಶಕ ಭಾಗಗಳಿಗೆ ಮರಕ್ಕೆ ಹಚ್ಚುವ ಬಿಳಿ ಗೋಂದು. ಅಲ್ಲಿ ಸೂಪರ್ ಗ್ಲೂ ಹಾಕಿದರೆ ಅದರ ಆವಿ ಗಾಜಿನ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ, ಅಳಿಸಿದರೆ ಹೋಗದು.

ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಉಪಕರಣ) ಇಲ್ಲದಿದ್ದರೆ ತಡೆಯೇನಿಲ್ಲ. ಸ್ಪ್ರೇ ಕ್ಯಾನ್ ಮತ್ತು ಒಳ್ಳೆಯ ಬ್ರಷ್‌ನಲ್ಲಿ ಮೊದಲ ಎರಡು ಮೂರು ಮಾಡೆಲ್ ಮುಗಿಸಬಹುದು. ಆದರೆ ಕಿಟಕಿ ತೆರೆದ ಕೋಣೆ ಮಾತ್ರ ಕಡ್ಡಾಯ. ಸಿಮೆಂಟ್, ಥಿನ್ನರ್, ಸ್ಪ್ರೇ ಎಲ್ಲದರ ಆವಿಯೂ ಕೆಟ್ಟದ್ದು. ತಲೆ ಭಾರ ಅನಿಸಿತೋ, ಕೆಲಸ ನಿಲ್ಲಿಸಿ ಹೊರಗೆ ಹೋಗಿ. ಸ್ಪ್ರೇ ಮಾಡುವಾಗ ಆವಿ ತಡೆಯುವ ಮಾಸ್ಕ್ ಹಾಕಿ, ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

ಹಂತ 3: ಡಬ್ಬ ತೆರೆದ ದಿನ ಅಂಟು ಮುಟ್ಟಬೇಡಿ

ಮೊದಲ ದಿನ ಮೂರು ಕೆಲಸ. ಭಾಗಗಳು ಅಂಟಿಕೊಂಡಿರುವ ಚೌಕಟ್ಟುಗಳನ್ನು, ಅಂದರೆ ಸ್ಪ್ರೂಗಳನ್ನು ಎ, ಬಿ, ಸಿ ಅಂತ ಪುಸ್ತಕಕ್ಕೆ ತಾಳೆ ನೋಡಿ. ಮುರಿದದ್ದು, ಕಾಣೆಯಾದದ್ದು ಗೊತ್ತಾಗುವುದು ಈಗಲೇ. ನಂತರ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಸ್ಪ್ರೂ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಉಳಿದಿದ್ದರೆ ಬಣ್ಣ ಕಚ್ಚುವುದಿಲ್ಲ.

ಮೂರನೆಯದು ಮುಖ್ಯ. ಪೆನ್ಸಿಲ್ ಹಿಡಿದು ಇಡೀ ಪುಸ್ತಕ ಓದಿ. 'ಇಲ್ಲಿ ತೂತು ಕೊರೆಯಿರಿ', 'ಅಂಟು ಹಾಕಬೇಡಿ', 'ಎ ಅಥವಾ ಬಿ ಆರಿಸಿ' ಅನ್ನುವ ಗುರುತುಗಳಿಗೆಲ್ಲ ಸುತ್ತು ಹಾಕಿ. ಯಾವ ತುಕಡಿಯ ವಾಹನ ಮಾಡುತ್ತೀರಿ ಅಂತ ಈಗಲೇ ತೀರ್ಮಾನಿಸಿ. ಯಾಕೆಂದರೆ ಒಡಲಿನ ಒಳಗಿಂದ ಕೊರೆಯಬೇಕಾದ ತೂತು ಆ ಆಯ್ಕೆಯ ಮೇಲೆ ನಿಂತಿರುತ್ತದೆ. ಒಡಲು ಮುಚ್ಚಿದ ಮೇಲೆ ಒಳಗಿಂದ ಕೊರೆಯಲು ಆಗುತ್ತದಾ?

ಇನ್ನೊಂದು ಗುರುತು ನೀವೇ ಹಾಕಿ: ಯಾವ ಭಾಗ ಅಂಟಿಸಿದರೆ ಅದರ ಹಿಂದೆ ಬ್ರಷ್ ಹೋಗುವುದಿಲ್ಲವೋ ಅಲ್ಲೆಲ್ಲ ಒಂದು 'ಬ' ಬರೆಯಿರಿ. ಆ ಭಾಗಕ್ಕೆ ಬಣ್ಣ ಮೊದಲು, ಅಂಟು ಆಮೇಲೆ.

ಹಂತ 4: ಕತ್ತರಿಸುವುದು ಮತ್ತು ಉಜ್ಜುವುದು

ಒಂದೇ ಏಟಿಗೆ ಭಾಗದ ಬುಡಕ್ಕೆ ಕತ್ತರಿ ಹಾಕಬೇಡಿ. ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ, ಕೆಲವೊಮ್ಮೆ ಗುಳಿ ಬೀಳುತ್ತದೆ. ಮೊದಲು ಎರಡು ಮಿಲಿಮೀಟರ್ ಬಿಟ್ಟು ಕತ್ತರಿಸಿ ಭಾಗವನ್ನು ಬಿಡಿಸಿಕೊಳ್ಳಿ. ಆಮೇಲೆ ನಿಪ್ಪರ್‌ನ ಚಪ್ಪಟೆ ಮುಖ ಭಾಗದ ಕಡೆ ಇಟ್ಟು ಎರಡನೇ ಸಲ ಕತ್ತರಿಸಿ. ಉಳಿದ ಚೂರನ್ನು ಚಾಕುವಿನಲ್ಲಿ ಹೆರೆದು, 400ರಲ್ಲಿ ಶುರುಮಾಡಿ 1000ರವರೆಗೆ ಉಜ್ಜಿ. ನೀರು ಹಚ್ಚಿ ಉಜ್ಜಿದರೆ ಧೂಳು ಏಳುವುದಿಲ್ಲ.

ತೆಳು ಹಿಡಿಕೆಗಳ ಕ್ರಮ ಬೇರೆ. ಮೊದಲು ಅದರ ಸುತ್ತಲಿನ ದಪ್ಪ ಚೌಕಟ್ಟನ್ನೇ ಅಲ್ಲಲ್ಲಿ ಕತ್ತರಿಸಿ ಬಿಗಿ ಸಡಿಲಿಸಿ. ಕೊನೆಗೆ ಹಿಡಿಕೆ ಬಿಡಿಸಿ. ನೇರವಾಗಿ ಹಿಡಿಕೆಗೇ ನಿಪ್ಪರ್ ಹಾಕಿದರೆ ಇನ್ನೊಂದು ತುದಿ ಫಟ್ಟನೆ ಮುರಿಯುತ್ತದೆ. ಸಣ್ಣ ಭಾಗ ಕತ್ತರಿಸುವಾಗ ಬೆರಳು ಅಡ್ಡ ಇಡಿ, ಇಲ್ಲವೇ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಇಟ್ಟು ಕತ್ತರಿಸಿ. ಹಾರಿ ಹೋದದ್ದು ಸಿಗುವುದು ಅಪರೂಪ.

ಅಚ್ಚಿನ ಎರಡು ಭಾಗ ಸೇರುವಲ್ಲಿ ಸಣ್ಣ ಗೆರೆ ಬಿದ್ದಿರುತ್ತದೆ. ಚಾಕುವಿನ ಅಲಗನ್ನು ನೆಟ್ಟಗೆ ಹಿಡಿದು ಹೆರೆದರೆ ಹೋಗುತ್ತದೆ. ದುಂಡನೆಯ ಗುಳಿಗಳು ಅಚ್ಚಿನಿಂದ ತಳ್ಳುವ ಕಡ್ಡಿಯ ಗುರುತು. ಮುಚ್ಚಿಹೋಗುವ ಜಾಗದಲ್ಲಿದ್ದರೆ ಬಿಡಿ, ತೆರೆದ ಮುಚ್ಚಳದ ಒಳಮೈಯಲ್ಲಿದ್ದರೆ ಪುಟ್ಟಿ ಹಾಕಿ.

ಹಂತ 5: ಅಂಟಿಸುವುದು – ಅಂಟು ತಾನೇ ಓಡಲಿ

ಪ್ಲಾಸ್ಟಿಕ್ ಸಿಮೆಂಟ್ ನಿಜವಾಗಿ ಅಂಟಲ್ಲ. ಅದು ಪಾಲಿಸ್ಟೈರೀನನ್ನು ಕರಗಿಸುತ್ತದೆ, ಎರಡು ಭಾಗ ಕರಗಿ ಒಂದಾಗುತ್ತವೆ, ದ್ರವ ಆರಿಹೋಗುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ತಪ್ಪು ತಾನೇ ತಪ್ಪುತ್ತದೆ. ಬಣ್ಣದ ಮೇಲೆ ಸಿಮೆಂಟ್ ಹಿಡಿಯುವುದಿಲ್ಲ, ಅಂಟುವ ಜಾಗದ ಬಣ್ಣ ಹೆರೆದು ತೆಗೆಯಬೇಕು. ಲೋಹಕ್ಕೂ ರೆಸಿನ್‌ಗೂ ಅದು ಕೆಲಸಕ್ಕೆ ಬಾರದು.

ಮೊದಲು ಅಂಟಿಲ್ಲದೆ ಜೋಡಿಸಿ ನೋಡಿ. ಪ್ರತಿ ಸಲ. ಸರಿ ಕೂತರೆ ಎರಡನ್ನೂ ಒತ್ತಿ ಹಿಡಿದು, ಬ್ರಷ್‌ನ ತುದಿಯನ್ನು ಸಂದಿಗೆ ಮುಟ್ಟಿಸಿ. ದ್ರವ ಸಂದಿನುದ್ದಕ್ಕೂ ತಾನೇ ಓಡುತ್ತದೆ. ನಿಮ್ಮ ಬೆರಳು ಸಂದಿನ ಮೇಲೆ ಇದ್ದರೆ ಬೆರಳಿನ ಅಡಿಗೂ ಓಡಿ, ಬೆರಳಚ್ಚು ಶಾಶ್ವತವಾಗಿ ಮೂಡುತ್ತದೆ. ಹಾಗಾದರೆ ಒರೆಸಲು ಹೋಗಬೇಡಿ. ಒರೆಸಿದರೆ ಕಲೆ ಹರಡುತ್ತದೆ. ಮುಟ್ಟದೆ ರಾತ್ರಿ ಪೂರ್ತಿ ಬಿಟ್ಟು, ಗಟ್ಟಿಯಾದ ಮೇಲೆ ಉಜ್ಜಿ.

ಎರಡು ಹೋಳಾಗಿ ಬರುವ ತೋಪಿನ ನಳಿಗೆಗೆ ಮಾತ್ರ ಅಂಟು ಸ್ವಲ್ಪ ಜಾಸ್ತಿ ಇರಲಿ. ಒತ್ತಿದಾಗ ಸಂದಿನಿಂದ ಕರಗಿದ ಪ್ಲಾಸ್ಟಿಕ್ಕಿನ ಸಣ್ಣ ಏಣು ಉಬ್ಬಿ ಬರಬೇಕು. 24 ಗಂಟೆ ಬಿಟ್ಟು ಉಜ್ಜಿದರೆ ಪುಟ್ಟಿ ಇಲ್ಲದೆಯೇ ಗೆರೆ ಮಾಯ. ಒಂದೇ ಕಡೆ ಉಜ್ಜುತ್ತಾ ಹೋದರೆ ನಳಿಗೆ ಚಪ್ಪಟೆಯಾಗುತ್ತದೆ, ತಿರುಗಿಸುತ್ತಾ ಉಜ್ಜಿ.

ಎಚ್ಚರಿಕೆಯ ಗುರುತು: ಭಾಗ ಕೂರಲು ನೀವು ಬಲ ಹಾಕಬೇಕಾಗಿ ಬಂದರೆ ಏನೋ ತಪ್ಪಿದೆ ಅಂತಲೇ ಅರ್ಥ. ಒಂದೋ ನಂಬರ್ ತಪ್ಪು, ಇಲ್ಲಾ ಕತ್ತರಿಸಿದ ಚೂರು ಉಳಿದಿದೆ, ಇಲ್ಲಾ ಎಡಬಲ ಅದಲುಬದಲಾಗಿದೆ.

ಹಂತ 6: ಕೆಳಗಿನ ಒಡಲು ಮತ್ತು ಸಸ್ಪೆನ್ಷನ್ – ಇಲ್ಲಿ ಅವಸರ ಮಾಡಬೇಡಿ

ನನ್ನ ಮೊದಲ ಟ್ಯಾಂಕ್ ಹಾಳಾದದ್ದು ಈ ಹಂತದಲ್ಲೇ. ಚಕ್ರದ ತೋಳುಗಳನ್ನೆಲ್ಲ ಒಂದೇ ಕೂತಲ್ಲಿ ಅಂಟಿಸಿ, ಒಡಲನ್ನು ಮಗ್ಗುಲಾಗಿ ಮಲಗಿಸಿ ಎದ್ದುಹೋದೆ. ಬೆಳಿಗ್ಗೆ ನೋಡಿದರೆ ಎರಡು ಚಕ್ರ ನೆಲ ಮುಟ್ಟುತ್ತಿರಲಿಲ್ಲ. ಎಷ್ಟು ಚೆಂದ ಬಣ್ಣ ಹಚ್ಚಿದರೂ ಕಣ್ಣು ಮಾತ್ರ ಗಾಳಿಯಲ್ಲಿ ತೇಲುವ ಆ ಎರಡು ಚಕ್ರಕ್ಕೇ ಹೋಗುತ್ತಿತ್ತು.

ಮೊದಲು ಖಾಲಿ ಒಡಲನ್ನು ಗಾಜಿನ ಮೇಲೆ ಇಡಿ. ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಏಳುತ್ತದೆಯೇ? ಹಾಗಿದ್ದರೆ ಒಡಲು ತಿರುಚಿದೆ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಮೆತ್ತಗೆ ನೇರ ಮಾಡಿ, ತಣ್ಣೀರಲ್ಲಿ ಅದ್ದಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊರಗಿಹೋಗುತ್ತದೆ.

ನಂತರ ಒಂದು ಪಕ್ಕದ ತೋಳುಗಳನ್ನು ಅಂಟಿಸಿ. ಸಿಮೆಂಟ್ ಇನ್ನೂ ಮೆತ್ತಗಿರುವಾಗಲೇ ಚಕ್ರಗಳನ್ನು ಅಂಟಿಲ್ಲದೆ ಸಿಕ್ಕಿಸಿ, ಒಡಲನ್ನು ಗಾಜಿನ ಮೇಲೆ ನಿಲ್ಲಿಸಿ. ಒಂದು ಕಾಗದದ ಚೂರನ್ನು ಪ್ರತಿ ಚಕ್ರದ ಅಡಿ ತೂರಿಸಿ ನೋಡಿ. ಸಲೀಸಾಗಿ ತೂರಿದರೆ ಆ ಚಕ್ರ ಮೇಲಿದೆ, ತೋಳನ್ನು ಸ್ವಲ್ಪ ಕೆಳಕ್ಕೆ ಒತ್ತಿ. ಮೇಲಿನಿಂದಲೂ ನೋಡಿ, ಚಕ್ರಗಳೆಲ್ಲ ಒಂದೇ ಗೆರೆಯಲ್ಲಿ ಇರಬೇಕು. ನೆಟ್ಟಗಾದ ಮೇಲೆ ಒಡಲಿನ ಮೇಲೆ ಸಣ್ಣ ಭಾರ ಇಟ್ಟು ರಾತ್ರಿ ಪೂರ್ತಿ ಬಿಡಿ. ಇನ್ನೊಂದು ಪಕ್ಕ ಮರುದಿನ.

ಚಕ್ರದ ಒಳಗೆ ಕೂರುವ ಮೆತ್ತನೆಯ ಕಪ್ಪು ಬಳೆಗಳಿಗೆ ಸಿಮೆಂಟ್ ತಾಗಿಸಬೇಡಿ. ಅದು ಬೇರೆ ಪ್ಲಾಸ್ಟಿಕ್, ಅಂಟುವುದಿಲ್ಲ. ಆದರೆ ಹರಿದ ಸಿಮೆಂಟ್ ಪಕ್ಕದ ಚಕ್ರವನ್ನೇ ಹಿಡಿದುಬಿಡುತ್ತದೆ. ಈ ಬಳೆ ಇರುವುದೇ ಚಕ್ರವನ್ನು ಬೇಕಾದಾಗ ತೆಗೆದು ಬಣ್ಣ ಹಚ್ಚಲಿ ಅಂತ.

ಈಗ ಇಡೀ ವಾಹನ ಐದು ತುಂಡಾಗಿ ನಿಮ್ಮ ಮುಂದೆ ಇರಬೇಕು: ಕೆಳಗಿನ ಒಡಲು, ಮೇಲಿನ ಒಡಲು, ಗೋಪುರ (ತೋಪು ಇರುವ, ತಿರುಗುವ ಭಾಗ), ಚಕ್ರಗಳು, ಟ್ರ್ಯಾಕ್. ಪುಸ್ತಕ ಎಲ್ಲವನ್ನೂ ಸೇರಿಸಿ ಅಂದರೂ ಸೇರಿಸಬೇಡಿ.

ಹಂತ 7: ಟ್ರ್ಯಾಕ್ – ಹೆಚ್ಚು ಜನ ಸೋಲುವ ಜಾಗ

ಟ್ರ್ಯಾಕ್ ಮೂರು ಬಗೆ. ರಬ್ಬರಿನಂಥ ಒಂದೇ ಪಟ್ಟಿ, ಉದ್ದ ತುಂಡು ಮತ್ತು ಬಿಡಿ ಕೊಂಡಿಗಳ ಮಿಶ್ರಣ, ಹಾಗೂ ಪೂರ್ತಿ ಬಿಡಿ ಕೊಂಡಿಗಳು. ಟಿ-34ಕ್ಕೆ ಪಕ್ಕಕ್ಕೆ 72 ಕೊಂಡಿ, ಟೈಗರ್‌ಗೆ 96. ಪೂರ್ತಿ ಬಿಡಿ ಕೊಂಡಿ ಅಂದರೆ ಟೈಗರ್‌ಗೆ ಎರಡು ಪಕ್ಕ ಸೇರಿ 192 ತುಂಡು ಕತ್ತರಿಸಿ ಉಜ್ಜಬೇಕು. ಕಿಟ್ ಕೊಳ್ಳುವಾಗಲೇ ಇದನ್ನು ಲೆಕ್ಕ ಹಾಕಿ ಅಂದದ್ದು ಅದಕ್ಕೇ. ಮೊದಲ ಸಲಕ್ಕೆ ಮಿಶ್ರಣದ ಬಗೆ ಒಳ್ಳೆಯದು.

ಕ್ರಮ ಹೀಗಿದೆ. ಕೊಂಡಿಗಳನ್ನು ಮಾಸ್ಕಿಂಗ್ ಟೇಪಿನ ಅಂಟು ಮೈ ಮೇಲೆ ನೇರ ಸಾಲಾಗಿ ಜೋಡಿಸಿ, ಸಂದುಗಳಿಗೆ ಸಿಮೆಂಟ್ ಮುಟ್ಟಿಸಿ. ಇಪ್ಪತ್ತು ಮೂವತ್ತು ನಿಮಿಷ ಕಾಯಿರಿ. ಆಗ ಕೊಂಡಿಗಳು ಬಿಟ್ಟುಹೋಗುವುದಿಲ್ಲ, ಆದರೂ ಬಾಗುತ್ತವೆ. ಆ ಹದದಲ್ಲೇ ಟೇಪ್ ತೆಗೆದು ಚಕ್ರಗಳ ಸುತ್ತ ಸುತ್ತಿ, ಮೇಲ್ಸಾಲು ಕೆಳಗೆ ಜೋತುಬೀಳುವಂತೆ ಫೋಮ್ ಚೂರುಗಳನ್ನು ತುರುಕಿ. ಮರುದಿನ ಚಕ್ರಗಳ ಸಮೇತ ಕಳಚಿ ತೆಗೆದು ಬೇರೆಯಾಗಿ ಬಣ್ಣ ಹಚ್ಚಿ. ಇದು ಆಗಬೇಕಾದರೆ ಟ್ರ್ಯಾಕ್ ಎಳೆಯುವ ಹಲ್ಲುಚಕ್ರವನ್ನು ಒಡಲಿಗೆ ಅಂಟಿಸಿರಬಾರದು.

ಜೋತುಬೀಳುವುದು ಎಲ್ಲಿ ಅನ್ನುವುದು ವಾಹನದ ಮೇಲೆ ನಿಂತಿದೆ. ಟಿ-34, ಟೈಗರ್, ಪ್ಯಾಂಥರ್‌ಗಳಲ್ಲಿ ಟ್ರ್ಯಾಕ್‌ನ ಮೇಲ್ಸಾಲು ಚಕ್ರಗಳ ಮೇಲೇ ಒರಗುತ್ತದೆ. ಷರ್ಮನ್, ಪಾಂಜರ್ 4ರಲ್ಲಿ ಮೇಲೆ ಸಣ್ಣ ರೋಲರ್‌ಗಳಿವೆ, ಅಲ್ಲಿ ರೋಲರ್‌ಗಳ ನಡುವೆ ಮಾತ್ರ ಸ್ವಲ್ಪ ಇಳಿಯುತ್ತದೆ. ಟಿ-34ರ ಟ್ರ್ಯಾಕ್ ನೆಟ್ಟಗೆ ಬಿಗಿದಂತೆ ಕೂತರೆ ಇಡೀ ವಾಹನ ಹಗುರ ಆಟಿಕೆಯಂತೆ ಕಾಣುತ್ತದೆ.

ದಿಕ್ಕು ತಿರುಗಿಸಿ ಹಾಕುವುದು ಇನ್ನೊಂದು ಮಾಮೂಲು ತಪ್ಪು. ಪುಸ್ತಕದ ಬಾಣ ನೋಡಿ, ಒಂದು ಪಕ್ಕ ಸುತ್ತಿದ ಮೇಲೆ ಇನ್ನೊಂದು ಪಕ್ಕದ್ದನ್ನು ಅದರ ಜೊತೆ ಇಟ್ಟು ಹೋಲಿಸಿ. ಹಲ್ಲುಚಕ್ರ ಎಲ್ಲ ಟ್ಯಾಂಕಿಗೂ ಒಂದೇ ತುದಿಯಲ್ಲಿ ಇರುವುದಿಲ್ಲ: ಷರ್ಮನ್, ಟೈಗರ್‌ಗೆ ಮುಂದೆ, ಟಿ-34ಕ್ಕೆ ಹಿಂದೆ.

ರಬ್ಬರ್ ಪಟ್ಟಿಯಾದರೆ ಕೂಡುವ ತುದಿಯನ್ನು ಫೆಂಡರ್ ಕೆಳಗೆ ಅಡಗಿಸಿ. ಮೇಲ್ಸಾಲನ್ನು ಸೂಪರ್ ಗ್ಲೂನಲ್ಲಿ ಚಕ್ರಕ್ಕೆ ಹಿಡಿಸಿ. ಕೆಲವು ಬಗೆಯ ವಿನೈಲ್ ವರ್ಷಗಳು ಕಳೆದಂತೆ ತಾನು ತಾಗಿದ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ತಿನ್ನುತ್ತದೆ. ಹಾಗಾಗಿ ಚಕ್ರಗಳಿಗೆ ಬಣ್ಣದ ಪದರ ಪೂರ್ತಿ ಇರಲಿ, ಡಬ್ಬದಲ್ಲೂ ಟ್ರ್ಯಾಕನ್ನು ಬೇರೆ ಚೀಲದಲ್ಲಿಡಿ.

ಹಂತ 8: ಪ್ರೈಮರ್ ಮತ್ತು ಬಣ್ಣ

ಬೂದು ಪ್ರೈಮರ್ ಮೊದಲು. ಅದು ಬಣ್ಣ ಹಿಡಿಯಲು ಮಾತ್ರವಲ್ಲ, ತಪ್ಪು ತೋರಿಸಲೂ ಇದೆ. ಕಾಣದೆ ಇದ್ದ ಸಂದು, ಗೀರುಗಳೆಲ್ಲ ಈಗ ಎದ್ದು ಕಾಣುತ್ತವೆ. ನಾಚಿಕೆಪಡದೆ ಹಿಂದಕ್ಕೆ ಹೋಗಿ, ಪುಟ್ಟಿ ಹಾಕಿ, ಉಜ್ಜಿ, ಮತ್ತೆ ಪ್ರೈಮರ್ ಹಾಕಿ.

ಸ್ಪ್ರೇ ಕ್ಯಾನನ್ನು ಮಾಡೆಲ್‌ನಿಂದ ಸುಮಾರು 20 ಸೆಂ.ಮೀ. ದೂರ ಹಿಡಿಯಿರಿ. ಮಾಡೆಲ್‌ನ ಹೊರಗೆ ಶುರುಮಾಡಿ, ದಾಟಿಸಿ, ಹೊರಗೇ ನಿಲ್ಲಿಸಿ. ಒಂದು ದಪ್ಪ ಪದರದ ಬದಲು ಮೂರು ತೆಳು ಪದರ. ಮೈ ಮರಳಿನಂತೆ ತರಿತರಿಯಾದರೆ ದೂರ ಜಾಸ್ತಿಯಾಗಿದೆ, ಬಣ್ಣ ಗಾಳಿಯಲ್ಲೇ ಒಣಗುತ್ತಿದೆ. ಸೋರಿದರೆ ತೀರಾ ಹತ್ತಿರ. ಮಳೆ ಬೀಳುವ ತೇವದ ದಿನ ಸ್ಪ್ರೇ ಬೇಡ, ಮೇಲ್ಮೈ ಬೆಳ್ಳಗೆ ಮಬ್ಬಾಗುತ್ತದೆ. ಏರ್‌ಬ್ರಷ್ ಇದ್ದವರು ಬಣ್ಣವನ್ನು ಹಾಲಿನಷ್ಟು ತೆಳು ಮಾಡಿ, 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ಶುರುಮಾಡಿ.

ಕೆಳಗಿನ ಒಡಲು, ಚಕ್ರದ ಒಳಮೈ ಮೊದಲು. ಚಕ್ರದ ರಬ್ಬರ್ ಅಂಚಿಗೆ ಅಚ್ಚಕಪ್ಪು ಬೇಡ, ಗಾಢ ಬೂದು ಹಚ್ಚಿ. ಚಕ್ರವನ್ನು ಹಲ್ಲುಕಡ್ಡಿಗೆ ಸಿಕ್ಕಿಸಿ, ಬ್ರಷ್ ಅಲುಗಿಸದೆ ಚಕ್ರವನ್ನೇ ತಿರುಗಿಸಿ. ಗೆರೆ ದುಂಡಗೆ ಬರುತ್ತದೆ. ಗುದ್ದಲಿ, ಕೊಡಲಿಯಂಥ ಸಲಕರಣೆಗಳನ್ನು ಒಡಲಿಗೆ ಅಂಟಿಸಿಯೇ ಮೂಲ ಬಣ್ಣ ಹಾಕಿ, ಆಮೇಲೆ ಸಣ್ಣ ಬ್ರಷ್‌ನಲ್ಲಿ ಮರದ ಬಣ್ಣ ಹಚ್ಚುವುದು ನನ್ನ ರೂಢಿ. ಬೇರೆಯಾಗಿ ಬಣ್ಣ ಹಚ್ಚಿ ಅಂಟಿಸಿದರೆ ಅಂಟು ಸರಿಯಾಗಿ ಹಿಡಿಯದೆ ಎದ್ದುಬರುತ್ತವೆ.

ಇದಾದ ಮೇಲೆ ಚಕ್ರ ಮತ್ತು ಟ್ರ್ಯಾಕ್ ಕೂರಿಸಿ, ಕೊನೆಗೆ ಮೇಲಿನ ಒಡಲು ಮುಚ್ಚಿ.

ಹಂತ 9: ಡೀಕಾಲ್

ಮ್ಯಾಟ್ (ಹೊಳಪಿಲ್ಲದ) ಬಣ್ಣ ಕಣ್ಣಿಗೆ ಸಮ ಕಂಡರೂ ನಿಜಕ್ಕೂ ಒರಟು. ಡೀಕಾಲ್ ಅದರ ಮೇಲೆ ಕೂತಾಗ ಅಡಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಬೆಳ್ಳಿಯಂಥ ಪೊರೆಗೆ ಕಾರಣ ಇದೇ. ಹಾಗಾಗಿ ಮೊದಲು ಹೊಳಪಿನ ವಾರ್ನಿಷ್ ಹಚ್ಚಿ, ಒಂದು ದಿನ ಒಣಗಿಸಿ.

ಡೀಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಹೊರತೆಗೆಯಿರಿ. ಕಾಗದದ ಮೇಲೆ ಸಲೀಸಾಗಿ ಜಾರುವವರೆಗೆ ಕಾದು, ಮಾಡೆಲ್ ಮೇಲೆ ಜಾರಿಸಿ. ನೀರಲ್ಲೇ ತೇಲಿಬಿಡುವಷ್ಟು ನೆನೆಸಿದರೆ ಅಂಟು ತೊಳೆದುಹೋಗುತ್ತದೆ. ಡೀಕಾಲ್ ಮೆತ್ತಗೆ ಮಾಡುವ ದ್ರವ ಹಚ್ಚಿದ ಮೇಲೆ ಅದು ಸುಕ್ಕಾಗುತ್ತದೆ. ಗಾಬರಿಯಾಗಿ ಕೈ ಹಾಕಿದರೆ ಹರಿಯುತ್ತದೆ, ಸುಮ್ನೆ ಬಿಟ್ಟರೆ ಒಣಗುತ್ತಾ ತಾನೇ ಮೈಗೆ ಅಂಟಿಕೊಳ್ಳುತ್ತದೆ. ಆಮೇಲೂ ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಅದೇ ದ್ರವ ಇನ್ನೊಂದು ಹನಿ ಹಾಕಿ.

ಹಂತ 10: ವಾಶ್, ಮ್ಯಾಟ್, ಮಣ್ಣು

ಡೀಕಾಲ್ ಮೇಲೆ ಮತ್ತೊಂದು ತೆಳು ವಾರ್ನಿಷ್. ಆಮೇಲೆ ಗಾಢ ಕಂದು ಎನಾಮೆಲ್ ವಾಶನ್ನು (ತುಂಬ ತೆಳು ಮಾಡಿದ ಬಣ್ಣ) ಸಂದುಗಳಿಗೆ, ಬೋಲ್ಟ್‌ಗಳ ಬುಡಕ್ಕೆ ಮಾತ್ರ ಮುಟ್ಟಿಸಿ. ಇಡೀ ಮೈಗೆ ಬಳಿಯಬೇಡಿ. ಹೆಚ್ಚಾದದ್ದನ್ನು ಥಿನ್ನರ್ ತಾಗಿಸಿದ ಬ್ರಷ್‌ನಲ್ಲಿ ಎಳೆದು ತೆಗೆಯಿರಿ. ಬಣ್ಣ ಕಾಣದ ಬರಿ ಪ್ಲಾಸ್ಟಿಕ್ ಮೇಲೆ ಥಿನ್ನರ್ ನಿಂತರೆ ಬಿಗಿಯಾಗಿ ಕೂತ ಭಾಗಗಳು, ಅದರಲ್ಲೂ ಚಕ್ರದ ಇರುಸುಗಳು, ಬಿರುಕು ಬಿಡುತ್ತವೆ. ಒಡಲಿನ ಅಡಿಯಲ್ಲಿ ವಾಶ್ ಹೊಂಡದಂತೆ ನಿಂತಿದ್ದರೆ ಕೂಡಲೇ ಟಿಶ್ಯೂನಿಂದ ಹೀರಿ.

ಕೊನೆಗೆ ಮ್ಯಾಟ್ ವಾರ್ನಿಷ್. ಮಣ್ಣು, ಧೂಳಿನ ಪುಡಿ ಕೆಳಗಿನ ಒಡಲು ಮತ್ತು ಟ್ರ್ಯಾಕ್‌ನಲ್ಲಿ ಜಾಸ್ತಿ, ಮೇಲೆ ಹೋದಂತೆ ಕಮ್ಮಿ.

ಆಂಟೆನಾ ಮಾತ್ರ ಉಳಿಯಿತು. ಒಂದು ಸ್ಪ್ರೂ ಕಡ್ಡಿಯನ್ನು ಮೇಣದ ಬತ್ತಿಯ ಜ್ವಾಲೆಯ ಮೇಲೆ, ತಾಗಿಸದೆ, ತಿರುಗಿಸುತ್ತಾ ಹಿಡಿಯಿರಿ. ನಡುವೆ ಮೆತ್ತಗಾಗಿ ಬಾಗತೊಡಗಿದ ಕೂಡಲೇ ಜ್ವಾಲೆಯಿಂದ ಸರಿಸಿ ಎರಡೂ ತುದಿ ಎಳೆಯಿರಿ. ಕೂದಲೆಳೆಯಂಥ ಕಡ್ಡಿ ಸಿಗುತ್ತದೆ. ನಿಧಾನ ಎಳೆದರೆ ದಪ್ಪ, ಬೇಗ ಎಳೆದರೆ ತೆಳು. ಬೇಕಾದಷ್ಟು ಕತ್ತರಿಸಿಟ್ಟುಕೊಳ್ಳಿ. ಮಾಡೆಲನ್ನು ಅದು ಇರಬೇಕಾದ ಜಾಗದಲ್ಲಿ ಇಟ್ಟ ಮೇಲೆಯೇ ಅಂಟಿಸಿ. ಮೇಜಿನಿಂದ ಕಪಾಟಿಗೆ ಒಯ್ಯುವಾಗ ಮುರಿಯುವ ಮೊದಲ ಭಾಗ ಇದೇ.